ಅವರ ಪರವಾಗಿ ಕೇಳುವವರು ಯಾರು?

ಬುದ್ಧಿಮಾಂದ್ಯ ಮಗನಿರುವ ಮನೆಯಲ್ಲಿ ಹೆತ್ತವರ ಚಿಂತೆ ಒಂದೇ: ತಾವು ಕಣ್ಮುಚ್ಚಿದ ಮೇಲೆ ಅವನ ಗತಿಯೇನು? ವಸತಿ ಕೇಂದ್ರ ಅನ್ನ, ಬಟ್ಟೆ ಕೊಟ್ಟೀತು. ಮೈಮೇಲಿನ ಬಾಸುಂಡೆ ಎಲ್ಲಿಯದು, ಅವನ ಪಾಲಿನ ಹೊಲ ಏನಾಯಿತು ಎಂದು ಕೇಳುವವರು ಯಾರು?

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಉತ್ತರವಿದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಅಂಗವಿಕಲರೊಬ್ಬರು ಇರುವ ಸಮಿತಿ ಇಂಥವರಿಗೆ ಪಾಲಕರನ್ನು ನೇಮಿಸುತ್ತದೆ. ಪಾಲಕನೇ ಹಿಂಸಿಸಿದರೆ, ಆಸ್ತಿ ನುಂಗಿದರೆ ಅವನನ್ನು ತೆಗೆಯಿರೆಂದು ಕೇಳುವ ಹಕ್ಕು ರಕ್ತಸಂಬಂಧಿಗಳಿಗಷ್ಟೇ ಅಲ್ಲ, ನೋಂದಾಯಿತ ಸಂಸ್ಥೆಗೂ ಉಂಟು. ಸ್ವಯಂಸೇವಕರಿಗೆ ಇದೇ ಬಾಗಿಲು.

2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಯಿತು. ಶಹಾಪುರ, ಸುರಪುರದವರು ಜಿಲ್ಲಾಧಿಕಾರಿಯನ್ನು ಕಾಣಲು ಕಲಬುರಗಿಗೆ ಅಲೆಯಬೇಕಿಲ್ಲ. ಆದರೆ ಮಾತು ಬಾರದವನ ದೂರು ತಾನಾಗಿ ಕಚೇರಿಗೆ ನಡೆದು ಬಾರದು. ಅವನ ಪಕ್ಕ ಕೂತು, ಸನ್ನೆ ಕಲಿಯುವವರು ಮೊದಲು ಬೇಕು. ಅರ್ಜಿ ಬರೆಯುವುದು ಆಮೇಲಿನ ಕೆಲಸ.