ಮುಪ್ಪಿನಲ್ಲಿ ಮನಸ್ಸಿನ ವೇಗ: ವಂಶವಾಹಿಗಳ ಪಾಲೆಷ್ಟು?

ಕಾಗದದ ಮೇಲ್ಸಾಲಿನಲ್ಲಿ 1ರಿಂದ 9ರವರೆಗಿನ ಅಂಕಿಗಳು, ಒಂದೊಂದಕ್ಕೂ ಒಂದೊಂದು ಗುರುತು. ಅದರಡಿ ಸಾಲುಸಾಲು ಅಂಕಿಗಳು, ಕೆಳಗೆ ಖಾಲಿ ಮನೆಗಳು. ಎರಡು ನಿಮಿಷದಲ್ಲಿ ಸರಿಯಾದ ಗುರುತು ಹಾಕಿ ಎಷ್ಟು ಮನೆ ತುಂಬುತ್ತಾರೆ ಎಂಬುದೇ ಪರೀಕ್ಷೆ. ಇಪ್ಪತ್ತೈದರ ಹುಡುಗಿಯೂ ಎಪ್ಪತ್ತೈದರ ಅಜ್ಜಿಯೂ ತಪ್ಪಿಲ್ಲದೆ ತುಂಬಬಲ್ಲರು. ಹೊತ್ತು ಮುಗಿದಾಗ ಅಜ್ಜಿಯ ಹಾಳೆಯಲ್ಲಿ ಖಾಲಿ ಮನೆಗಳು ಹೆಚ್ಚು. ಮನೋವಿಜ್ಞಾನಿಗಳು ಸಂಸ್ಕರಣಾ ವೇಗ ಎಂದು ಅಳೆಯುವುದು ಇದನ್ನೇ. ಪದಸಂಪತ್ತು, ಲೋಕಜ್ಞಾನ ಎಪ್ಪತ್ತರ ಹೊತ್ತಿಗೂ ಗಟ್ಟಿಯಾಗಿ ಉಳಿಯುತ್ತವೆ. ವೇಗ ಮಾತ್ರ ಯಾವ ಕಾಯಿಲೆ ಇಲ್ಲದವರಲ್ಲೂ ಇಳಿಯುತ್ತದೆ.

ಎಲ್ಲರಲ್ಲೂ ಒಂದೇ ಸಮನೆ ಇಳಿಯುವುದಿಲ್ಲ, ಅದೇ ಕುತೂಹಲದ ಸಂಗತಿ.

ಸ್ವೀಡನ್ನಿನಲ್ಲಿ ಎಂಬತ್ತು ದಾಟಿದ 240 ಜೋಡಿ ಅವಳಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 1997ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅವರ ನಡುವಿನ ವೇಗದ ವ್ಯತ್ಯಾಸದಲ್ಲಿ ಶೇ. 62ರಷ್ಟು ಆನುವಂಶಿಕ ಎಂದು ಅದು ಅಂದಾಜಿಸಿತು. ಈ ಅಂಕಿಯನ್ನು ತಪ್ಪಾಗಿ ಓದುವವರೇ ಹೆಚ್ಚು. ಒಬ್ಬರ ವೇಗದಲ್ಲಿ ಶೇ. 62 ಹೆತ್ತವರ ಕೊಡುಗೆ ಎಂದು ಇದರರ್ಥವಲ್ಲ. ಆ ಗುಂಪಿನೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದ ಲೆಕ್ಕ ಇದು. ಶಾಲೆ, ಊಟ, ಆರೋಗ್ಯಸೇವೆ ಬೇರೆಯಾಗಿರುವ ಸಮಾಜದಲ್ಲಿ ಲೆಕ್ಕವೂ ಬೇರೆಯಾದೀತು.

ಸ್ಕಾಟ್‌ಲ್ಯಾಂಡಿನ ಕಥೆ ಇನ್ನೂ ಸ್ವಾರಸ್ಯಕರ. 1947ರ ಜೂನ್ 4ರಂದು, 1936ರಲ್ಲಿ ಹುಟ್ಟಿದ 70,805 ಮಕ್ಕಳು ದೇಶದುದ್ದಕ್ಕೂ ಒಂದೇ ಬುದ್ಧಿಪರೀಕ್ಷೆ ಬರೆದರು. ಆ ದಾಖಲೆಗಳು ದಶಕಗಟ್ಟಲೆ ಉಳಿದುಕೊಂಡವು. ಎಡಿನ್‌ಬರೊ ವಿಶ್ವವಿದ್ಯಾಲಯದ ಇಯಾನ್ ಡಿಯರಿ ಮತ್ತು ಸಂಗಡಿಗರು 2004ರಿಂದಾಚೆಗೆ ಆ ತಲೆಮಾರಿನ 1,091 ಮಂದಿಯನ್ನು ಎಪ್ಪತ್ತರ ಆಸುಪಾಸಿನಲ್ಲಿ ಮತ್ತೆ ಪರೀಕ್ಷೆಗೆ ಕರೆತಂದರು. ಹನ್ನೊಂದರ ಅಂಕ ಕೈಯಲ್ಲಿರುವುದರಿಂದ ಮೊದಲೇ ಇದ್ದ ವ್ಯತ್ಯಾಸ ಯಾವುದು, ವಯಸ್ಸಿನಿಂದ ಆದ ಇಳಿತ ಯಾವುದು ಎಂದು ಬಿಡಿಸಿ ನೋಡಲು ಸಾಧ್ಯವಾಯಿತು. ಬಾಲ್ಯದಿಂದ ಮುಪ್ಪಿಗೆ ಬುದ್ಧಿಶಕ್ತಿಯಲ್ಲಿ ಆಗುವ ಬದಲಾವಣೆಯ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗ ಆನುವಂಶಿಕ ಎಂದು, ಇವರೂ ಸೇರಿದಂತೆ 1,940 ಸ್ಕಾಟಿಷ್ ಹಿರಿಯರ ಡಿಎನ್‌ಎ ಆಧರಿಸಿ 2012ರಲ್ಲಿ ಅಂದಾಜು ಮಾಡಲಾಯಿತು.

ಹಾಗಾದರೆ ವೇಗದ ಜೀನ್ ಯಾವುದು? ಅಂಥದ್ದೊಂದು ಇಲ್ಲ. ಆಲ್‌ಝೈಮರ್ ಅಪಾಯ ಹೆಚ್ಚಿಸುವ ಎಪಿಓಇ ಜೀನಿನ ಇ4 ರೂಪದ ಹೆಸರು ಪದೇ ಪದೇ ಬರುತ್ತದೆ. 30,000ಕ್ಕೂ ಹೆಚ್ಚು ಜನರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಧ್ಯಯನ ಮೂರನೇ ವರ್ಣತಂತುವಿನ ಸಿಎಡಿಎಂ2 ಜೀನಿನತ್ತ ಬೆರಳು ಮಾಡಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಹಿರಿಯರ ಮಿದುಳಿನ ಎಂಆರ್‌ಐ ಚಿತ್ರಗಳು ಇನ್ನೊಂದು ಸುಳಿವು ಕೊಟ್ಟಿವೆ: ಮಿದುಳಿನ ಭಾಗಗಳನ್ನು ಬೆಸೆಯುವ ಬಿಳಿ ನರತಂತುಗಳು ಸುಸ್ಥಿತಿಯಲ್ಲಿ ಇರುವವರಲ್ಲಿ ವೇಗವೂ ಹೆಚ್ಚು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಕೆಡಿಸುವುದೂ ಈ ತಂತುಗಳನ್ನೇ, ಅವೆರಡಕ್ಕೂ ಔಷಧವಿದೆ.

ಇಷ್ಟೆಲ್ಲ ಲೆಕ್ಕ ಬಹುಪಾಲು ಯುರೋಪಿಯನ್ ಮೂಲದವರದು. ಈ ಕೊರತೆ ತುಂಬುವ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಗ್ರಾಮಸ್ಥರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಪೆನ್ಸಿಲ್ಲೇ ಹಿಡಿಯದ ರೈತ ಮಹಿಳೆಯ ಮುಂದೆ ಅಂಕಿಯ ಹಾಳೆ ಇಟ್ಟರೆ ಅಳೆಯುವುದು ಆಕೆ ಕಾಣದ ಶಾಲೆಯನ್ನು, ವಂಶವಾಹಿಯನ್ನಲ್ಲ. ಬೇರೆಡೆಯ ಲೆಕ್ಕ ಇಲ್ಲಿಗೆ ಹಾಗೆಯೇ ಒಗ್ಗದು, ನಮ್ಮವರ ಲೆಕ್ಕ ನಮ್ಮವರಿಂದಲೇ ಸಿಗಬೇಕು. ಆದ್ದರಿಂದ ಇಂಥ ಅಧ್ಯಯನದವರು ಬಾಗಿಲಿಗೆ ಬಂದಾಗ ಹಿರಿಯರು ಹಿಂಜರಿಯದೆ ಸೇರಿಕೊಳ್ಳಬೇಕು, ಮನೆಯವರೂ ಜೊತೆಗೆ ನಿಲ್ಲಬೇಕು.