ನೋವು ನಿಂತ ಹಲ್ಲು



ತಿಪ್ಪಸಂದ್ರ ಎಂದೊಡನೆ ಬೆಂಗಳೂರಿನವರಿಗೆ ವಿಮಾನ ಕಾರ್ಖಾನೆಯ ಬಳಿಯ ಹೊಸ ತಿಪ್ಪಸಂದ್ರ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಆ ಬಡಾವಣೆಯ ಮಾತಲ್ಲ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಮಾತು. ರಾಗಿ, ಹುರುಳಿ, ಅವರೆ ಬೆಳೆಯುವ ಸೀಮೆ. ಒಮ್ಮೆ ಚಿತ್ರೀಕರಣದ ಬಿಡುವಿನಲ್ಲಿ ಅಲ್ಲಿನ ಹಿರಿಯರೊಬ್ಬರನ್ನು, ಬಾಯಲ್ಲಿ ಹಲ್ಲೆಷ್ಟು ಉಳಿದಿವೆ ಎಂದು ಕೇಳಿದೆ. "ಮುದ್ದೆಗೆ ಹಲ್ಲು ಯಾತಕ್ಕೆ ಸ್ವಾಮಿ, ನುಂಗೋದು ತಾನೆ?" ಎಂದರು.

ತಮಾಷೆಯ ಮಾತಾದರೂ ಅದರಲ್ಲಿ ಒಂದು ಲೆಕ್ಕಾಚಾರ ಅಡಗಿದೆ. ರಾಗಿಮುದ್ದೆಯನ್ನು ಅಗಿಯುವ ಪದ್ಧತಿ ನಮ್ಮಲ್ಲಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಾಗಾಗಿ ದವಡೆಹಲ್ಲುಗಳು ಒಂದೊಂದಾಗಿ ಹೋದರೂ ದಿನದ ಊಟ ನಿಲ್ಲುವುದಿಲ್ಲ. ನಷ್ಟ ತಿಳಿಯುವುದು ಅವರೆಕಾಯಿಯ ಕಾಲ ಬಂದಾಗ, ಹುರಿಗಡಲೆ ಕೈಗೆ ಬಂದಾಗ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ್ದು ಇಂಥ ಊಟದ ಮನೆಗಳಲ್ಲೇ ಇರಬೇಕು.

ಹೀಗೆ ಹಲ್ಲಿನ ಬೆಲೆ ದಿನನಿತ್ಯ ಗೊತ್ತಾಗದಿರುವುದರಿಂದ, ಚಿಕಿತ್ಸೆಯ ತೀರ್ಮಾನವನ್ನು ನಾವು ನೋವಿನ ಕೈಗೆ ಒಪ್ಪಿಸಿಬಿಟ್ಟಿದ್ದೇವೆ. ನೋವು ತಡೆಯಲಾರದಷ್ಟಾದರೆ ಹಲ್ಲು ಕೀಳಿಸುವುದು, ನೋವು ನಿಂತರೆ ಮರೆತುಬಿಡುವುದು. ಹಳ್ಳಿಯೇನು, ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿಲಯಗಳಲ್ಲೂ ಇದೇ ಕ್ರಮ. ಆದರೆ ಹಲ್ಲಿನ ವಿಷಯದಲ್ಲಿ ನೋವಿನಷ್ಟು ನಂಬಲಾಗದ ಸಾಕ್ಷಿ ಇನ್ನೊಂದಿಲ್ಲ. ಏಕೆ ಎಂಬುದನ್ನು ನೋಡೋಣ.

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಶೇಕಡಾ 96ರಷ್ಟು ಖನಿಜ. ಅದರಲ್ಲಿ ನರಗಳಿಲ್ಲ, ರಕ್ತವಿಲ್ಲ. ಆದ್ದರಿಂದ ಎನಾಮಲ್ ಕೊಳೆಯುವಾಗ ನಮಗೆ ಏನೂ ತಿಳಿಯದು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಿಎಚ್ ಇಳಿದು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಜೊಲ್ಲಿನ ನೆರವಿನಿಂದ ಮತ್ತೆ ಮೇಲೇರುತ್ತದೆ ಎಂಬುದನ್ನು ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲೇ ಅಳೆದು ತೋರಿಸಿದ. ಆದ್ದರಿಂದ ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಎಂಬುದೇ ಮುಖ್ಯ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದವನಿಗಿಂತ, ದಿನವೂ ಆರು ಸಲ ಸಕ್ಕರೆ ಹಾಕಿದ ಚಹಾ ಗುಟುಕರಿಸುವವನ ಹಲ್ಲಿಗೆ ಹೆಚ್ಚು ಅಪಾಯ. ಅದೇ ದಶಕದಲ್ಲಿ ಸ್ವೀಡನ್ನಿನ ವಿಪೆಹಾಲ್ಮ್ ಆಸ್ಪತ್ರೆಯಲ್ಲಿ ನಡೆದ ಪ್ರಯೋಗವೂ ಇದನ್ನೇ ಹೇಳಿತು. ಊಟಗಳ ನಡುವೆ ತಿಂದ ಅಂಟುವ ಟಾಫಿಯೇ ಎಲ್ಲಕ್ಕಿಂತ ಕೆಡುಕು ಮಾಡಿತ್ತು. ಬುದ್ಧಿಮಾಂದ್ಯರಾದ ಆ ರೋಗಿಗಳ ಒಪ್ಪಿಗೆಯಿಲ್ಲದೆ ಅವರ ಹಲ್ಲು ಕೆಡಿಸಿ ಪಡೆದ ಜ್ಞಾನ ಅದು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನೂ ತಿಳಿದಿರಬೇಕು.

ಎನಾಮಲ್ ದಾಟಿದ ಕೊಳೆತ ಡೆಂಟಿನ್ ಎಂಬ ಎರಡನೆಯ ಪದರಕ್ಕೆ ಬಂದಾಗ ತಣ್ಣೀರಿಗೆ, ಸಿಹಿಗೆ ಹಲ್ಲು ಜುಮ್ಮೆನ್ನುತ್ತದೆ. ಅಲ್ಲಿಂದ ಮುಂದೆ ಹಲ್ಲಿನ ತಿರುಳು. ನರ, ರಕ್ತನಾಳಗಳೆಲ್ಲ ಇರುವುದು ಇಲ್ಲಿಯೇ. ಕೈಗೆ ಪೆಟ್ಟಾದರೆ ಕೈ ಊದುತ್ತದೆ, ಊದಲು ಜಾಗವಿದೆ. ತಿರುಳಿನ ಸುತ್ತ ಮಾತ್ರ ಗಟ್ಟಿ ಗೋಡೆ. ಊತಕ್ಕೆ ಎಡೆಯಿಲ್ಲದೆ ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ರಾತ್ರಿ ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ನೋವು ಇನ್ನಷ್ಟು ಮಿಡಿಯುತ್ತದೆ. ನಿದ್ದೆಗೆಡಿಸುವ ಹಲ್ಲುನೋವು ಎಂದರೆ ಇದೇ.

ಇದಾದ ಮೇಲೆ ಒಂದು ದಿನ ನೋವು ತಾನಾಗಿ ನಿಂತುಬಿಡುತ್ತದೆ. ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಲವಂಗದ ಎಣ್ಣೆಯಿಂದ ವಾಸಿಯಾಯಿತು, ಅಂಗಡಿಯ ಮಾತ್ರೆಯಿಂದ ವಾಸಿಯಾಯಿತು ಎನ್ನುತ್ತಾರೆ. ನಿಜವಾಗಿ ಆದದ್ದು ತಿರುಳಿನ ಸಾವು. ಸತ್ತ ನರ ನೋಯುವುದಿಲ್ಲ. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿಗೆ ಇಳಿದು, ತಿಂಗಳುಗಳ ನಂತರವೋ ವರ್ಷಗಳ ನಂತರವೋ ಕೀವಾಗಿ ಹೊರಬೀಳುತ್ತದೆ. ಪ್ರತಿಜೈವಿಕ ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಾತ್ರೆಯ ಔಷಧ ತಲುಪಬೇಕಾದ್ದು ರಕ್ತದ ಮೂಲಕ, ಸತ್ತ ತಿರುಳಿನೊಳಗೆ ರಕ್ತ ಹರಿಯುವುದೇ ಇಲ್ಲ. ಊತ ಸ್ವಲ್ಪ ಇಳಿದೀತು, ಬೀಡು ಹಾಗೇ ಉಳಿಯುತ್ತದೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್‌ಗೆ ಮರಗಟ್ಟಿಸುವ ಗುಣ ಇರುವುದು ನಿಜ. ದಂತವೈದ್ಯರೂ ಅದನ್ನು ಬಳಸುತ್ತಾರೆ. ಆದರೆ ಅದು ವೈದ್ಯರ ಬಳಿ ಹೋಗುವವರೆಗಿನ ಸಮಾಧಾನ ಮಾತ್ರ. ದವಡೆಯ ಕೆಳಗೆ, ಕುತ್ತಿಗೆಯ ಕಡೆಗೆ ಊತ ಹರಡಿ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೂ ಕಾಯಬಾರದು. ಅದು ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ.

ಹುಳುಕುಹಲ್ಲು ಎಂಬ ನಮ್ಮ ಮಾತಿನಲ್ಲೇ ಹುಳು ಇದೆ. ಜಾತ್ರೆಗಳಲ್ಲಿ ಕಾದ ಕಬ್ಬಿಣದ ಮೇಲೆ ಗುಳ್ಳದ ಬೀಜ ಸುಟ್ಟು, ಹೊಗೆಯನ್ನು ಬಾಯಿಗೆ ಹಿಡಿದು, ಬಿಳಿಯ ಹುಳುಗಳನ್ನು ತೋರಿಸುವವರನ್ನು ಕೆಲವರಾದರೂ ನೋಡಿರಬಹುದು. ಆ ಹುಳುಗಳು ಶಾಖಕ್ಕೆ ಸಿಡಿದ ಬೀಜದೊಳಗಿನ ಬಾಗಿದ ಭ್ರೂಣಗಳು. ಇಂಗ್ಲೆಂಡಿನ ಜಾನ್ ಜೆರಾರ್ಡ್ ಇಂಥದ್ದೇ ಮೋಸವನ್ನು 1597ರಷ್ಟು ಹಿಂದೆಯೇ ಬಯಲಿಗೆಳೆದಿದ್ದ. ಹುಳು ಬಿದ್ದಿತೆಂದು ನಂಬಿ ಹಿಂತಿರುಗಿದವರಿಗೂ ಕೆಲವು ದಿನಗಳಲ್ಲಿ ನೋವು ನಿಲ್ಲುವುದುಂಟು. ಏಕೆ ಎಂಬುದು ಈಗ ನಿಮಗೆ ಗೊತ್ತು.

ಇನ್ನು ಆಯ್ಕೆಗಳ ಮಾತು. ಕೊಳೆತ ಎನಾಮಲ್ ಅಥವಾ ಡೆಂಟಿನ್‌ನಲ್ಲೇ ಇದ್ದರೆ ಕೊಳೆತದ್ದನ್ನು ತೆಗೆದು ಸಿಮೆಂಟ್ ತುಂಬಿಸುವುದು ಸಾಕು. ಸಾಮಾನ್ಯವಾಗಿ ಒಂದೇ ಭೇಟಿ, ಕಡಿಮೆ ಖರ್ಚು. ವಿದ್ಯುತ್ತಿನ ಯಂತ್ರವಿಲ್ಲದೆ ಕೈ ಉಪಕರಣಗಳಿಂದಲೇ ಇದನ್ನು ಮಾಡುವ ವಿಧಾನ 1980ರ ದಶಕದಲ್ಲಿ ಟಾಂಜಾನಿಯಾದ ಹಳ್ಳಿಗಳಲ್ಲಿ ರೂಪುಗೊಂಡಿತು. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಕೊಳೆತವನ್ನು ತಡೆಯುವುದೂ ಉಂಟು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದೊಂದೇ ದೊಡ್ಡ ಕೊರತೆ.

ಕೊಳೆತ ತಿರುಳಿಗೆ ತಲುಪಿದ ಮೇಲೆ ದಾರಿ ಎರಡಾಗುತ್ತದೆ: ರೂಟ್ ಕೆನಾಲ್ ಅಥವಾ ಕೀಳುವುದು. ರೂಟ್ ಕೆನಾಲ್‌ನಲ್ಲಿ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುಚಿಮಾಡಿ, ಗಟಾಪರ್ಚ ಎಂಬ ಮರದ ಹಾಲಿನ ವಸ್ತುವನ್ನು ತುಂಬುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಸುತ್ತಿದ್ದುದೂ ಇದನ್ನೇ. ದವಡೆಹಲ್ಲಾದರೆ ಸಾಮಾನ್ಯವಾಗಿ ಮೇಲೊಂದು ಕಿರೀಟವೂ ಬೇಕು, ಇಲ್ಲದಿದ್ದರೆ ಟೊಳ್ಳಾದ ಹಲ್ಲು ಸೀಳುವ ಸಂಭವ ಹೆಚ್ಚು. ಇಲ್ಲಿ ಹಣದಷ್ಟೇ ಮುಖ್ಯವಾದದ್ದು ಭೇಟಿಗಳ ಸಂಖ್ಯೆ. ಕಿರೀಟವೂ ಸೇರಿದರೆ ಮೂರೋ ನಾಲ್ಕೋ ಸಲ ಹೋಗಬೇಕಾಗಬಹುದು. ತಿಪ್ಪಸಂದ್ರದ ಕೂಲಿಕಾರನಿಗೆ ಒಂದೊಂದು ಭೇಟಿಯೂ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಅರ್ಧ ಚಿಕಿತ್ಸೆ ಮಾಡಿಸಿ, ನೋವು ನಿಂತಿತೆಂದು ಮತ್ತೆ ಹೋಗದವರೇ ಹೆಚ್ಚು ತೊಂದರೆಗೆ ಸಿಲುಕುವುದು. ಆದ್ದರಿಂದ ಮೊದಲ ದಿನವೇ ಕೇಳಿ: ಒಟ್ಟು ಎಷ್ಟು ಸಲ ಬರಬೇಕು, ಕಿರೀಟವೂ ಸೇರಿ ಎಷ್ಟಾಗುತ್ತದೆ, ಈ ಹಲ್ಲು ಉಳಿಯುವ ಭರವಸೆ ಎಷ್ಟು, ಏನೂ ಮಾಡದಿದ್ದರೆ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಬೇಸರಿಸುವ ವೈದ್ಯರಿದ್ದರೆ ಇನ್ನೊಬ್ಬರನ್ನು ಕಾಣುವುದರಲ್ಲಿ ತಪ್ಪಿಲ್ಲ.

ಕೀಳುವುದು ಒಂದೇ ದಿನದ ಕೆಲಸ, ಅಗ್ಗ. ಆದರೆ ಖಾಲಿ ಜಾಗ ಸುಮ್ಮನಿರುವುದಿಲ್ಲ. ಪಕ್ಕದ ಹಲ್ಲು ಅತ್ತ ವಾಲುತ್ತದೆ, ಎದುರಿನ ಹಲ್ಲು ಜೊತೆಯಿಲ್ಲದೆ ಇಳಿದುಬರುತ್ತದೆ. ಆ ಜಾಗ ತುಂಬಲು ತೆಗೆದು ಹಾಕುವ ಕಟ್ಟುಹಲ್ಲು ಅಗ್ಗ, ಸೇತುವೆ ಕಟ್ಟಬೇಕಾದರೆ ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನು ಅರೆಯಬೇಕು, ಟೈಟಾನಿಯಂ ಮೊಳೆಯ ಇಂಪ್ಲಾಂಟ್ ದುಬಾರಿ. ನಿಮ್ಮ ವಯಸ್ಸಿನವರು ಇದನ್ನು ಗಮನಿಸಬೇಕು: ದವಡೆಯ ಬೆಳವಣಿಗೆ ಮುಗಿಯುವ ಮುನ್ನ ಇಂಪ್ಲಾಂಟ್ ಸಾಮಾನ್ಯವಾಗಿ ಹಾಕುವುದಿಲ್ಲ. ಹದಿನಾಲ್ಕರಲ್ಲಿ ಕೀಳಿಸಿದ ಹಲ್ಲಿನ ಜಾಗವನ್ನು ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಹಾಗೆಂದು ಕೀಳಿಸುವುದೇ ತಪ್ಪೆಂದಲ್ಲ. ನನ್ನ ಬಾಯಲ್ಲಿ ಎರಡೂ ಬಗೆಯ ತೀರ್ಮಾನಗಳಿವೆ. ಕೆಳಗಿನ ಎಡ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಉಳಿಸಿಕೊಂಡಿದ್ದೇನೆ, ಏಕೆಂದರೆ ಆ ಬದಿಯ ಅಗಿತವೆಲ್ಲ ಅದರ ಮೇಲಿತ್ತು. ಮೇಲಿನ ಬುದ್ಧಿಹಲ್ಲೊಂದನ್ನು ಕೀಳಿಸಿದೆ. ಎದುರಿಗೆ ಜೋಡಿಯಿಲ್ಲದೆ ಏನನ್ನೂ ಅಗಿಯದಿದ್ದ ಹಲ್ಲಿಗೆ ನಾಲ್ಕು ಸಲ ಓಡಾಡುವುದು ವ್ಯರ್ಥ ಎನಿಸಿತು. ಆಗ ಬಂಧುಗಳು ಹೆದರಿಸಿದ್ದು, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂದು! ಹಲ್ಲಿಗೆ ಹೋಗುವುದು ಮಿದುಳಿನಿಂದ ಹೊರಡುವ ಐದನೆಯ ನರದ ಕವಲುಗಳು, ದೃಷ್ಟಿಗೆ ಸಂಬಂಧಿಸಿದ್ದು ಎರಡನೆಯ ನರ. ಎರಡೂ ಬೇರೆ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೇ ಕಣ್ಣಿಗೆ ಪೊರೆಯೂ ಬರುವುದರಿಂದ ಈ ನಂಬಿಕೆ ಬೇರೂರಿರಬೇಕು.

ಖರ್ಚಿನ ಬಗ್ಗೆ ಒಂದು ಮಾತು. ಮಾಗಡಿಯಿಂದ ಬೆಂಗಳೂರು ಸುಮಾರು ಐವತ್ತು ಕಿಲೋಮೀಟರ್. ಅಲ್ಲಿ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಸಮೀಪ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಹಣ ಕಡಿಮೆ, ಸಮಯ ಹೆಚ್ಚು. ರಜೆಯಿರುವ ವಿದ್ಯಾರ್ಥಿಗೆ ಇದು ಒಳ್ಳೆಯ ವ್ಯಾಪಾರ, ದಿನಗೂಲಿಯವನಿಗೆ ಅಷ್ಟು ಒಳ್ಳೆಯದಲ್ಲ. ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುವ ದಂತ ಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2014-15ರ ಸುಮಾರಿಗೆ ಆರಂಭಿಸಿತು.

ನೋವಿನಂತೆಯೇ ಕನ್ನಡಿಯೂ ದಾರಿ ತಪ್ಪಿಸಬಲ್ಲದು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿನ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರಿಟ್ಟಿದ್ದಾರೆ. ಈ ಕಲ್ಲಿನ ಪಟ್ಟಿ ತುಮಕೂರು ಸೀಮೆಯನ್ನು ಹಾಯ್ದು ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಸಾಗುತ್ತದೆ. ಇಂಥ ಕಲ್ಲುಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಪಾವಗಡದ ಕೊಳವೆಬಾವಿಗಳ ಕಥೆ ನಿಮಗೆ ಗೊತ್ತೇ ಇದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪುವಂಥದ್ದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಎಂಟು ವರ್ಷದೊಳಗೆ ಹೆಚ್ಚು ಫ್ಲೋರೈಡ್ ಕುಡಿದ ಮಕ್ಕಳ ಕಾಯಂ ಹಲ್ಲುಗಳು ಬಿಳಿ ಮಚ್ಚೆ, ಕಂದು ಕಲೆಗಳೊಂದಿಗೇ ಹುಟ್ಟುತ್ತವೆ. ಅದು ಕೊಳೆಯಲ್ಲ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಉಜ್ಜಿದರೆ ಕಲೆ ಹೋಗದು, ಎನಾಮಲ್ ಸವೆಯುತ್ತದೆ. ಹೆಚ್ಚಿನವರಿಗೆ ಅದರಿಂದ ನೋವೂ ಇಲ್ಲ. ಮನಸ್ಸಿಗೆ ಬಹಳ ಬಾಧಿಸಿದರೆ ದಂತವೈದ್ಯರಿಂದ ಮೇಲ್ಪದರ ತೆಳುವಾಗಿ ಸವೆಸುವುದು, ಹಲ್ಲಿನ ಬಣ್ಣದ ಲೇಪನ ಮುಂತಾದ ದಾರಿಗಳಿವೆ. ಅವಸರವಿಲ್ಲ. ಅವಸರ ಇರುವುದು ನೀರಿನ ಪರೀಕ್ಷೆಗೆ, ಅದೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಸಾಂದ್ರತೆ ಏರುತ್ತದೆ.

ಕೊನೆಗೆ, ಮನೆಯಲ್ಲಿ ಆರೇಳು ವರ್ಷದ ತಮ್ಮನೋ ತಂಗಿಯೋ ಇದ್ದರೆ ಇಂದು ಸಂಜೆ ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿ. ಹಾಲುಹಲ್ಲುಗಳು ಒಂದೊಂದು ಬದಿಗೆ ಐದು. ಅವುಗಳ ಹಿಂದೆ, ಯಾವ ಹಾಲುಹಲ್ಲನ್ನೂ ಬೀಳಿಸದೆ ಸದ್ದಿಲ್ಲದೆ ಮೂಡುವ ದವಡೆಹಲ್ಲು ಕಾಯಂ ಹಲ್ಲು. ಹೇಗೂ ಬಿದ್ದುಹೋಗುವ ಹಾಲುಹಲ್ಲೆಂದು ತಿಳಿದು ಬಿಟ್ಟುಬಿಡುವುದರಿಂದ ಮೊದಲು ಹಾಳಾಗುವುದು ಬಹುತೇಕ ಇದೇ. ಮುಂದಿನ ನಡುಗೆರೆಯಿಂದ ಹಿಂದಕ್ಕೆ ಎಣಿಸಿ: ಆರನೆಯದು. ಅದರ ಮೇಲ್ಮೈಯ ಗೀರುಗಳಲ್ಲಿ ಕಪ್ಪು ಅಥವಾ ಸುಣ್ಣದಂಥ ಬಿಳಿ ಕಂಡರೆ, ನೋವು ಇಲ್ಲದಿದ್ದರೂ ಈ ವಾರವೇ ಕರೆದುಕೊಂಡು ಹೋಗಿ ತೋರಿಸಿ.