ಮೂರು ಸೆಕೆಂಡಿನ ತಾಳೆ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಓದಿದ್ದು ಮೆಟ್ರಿಕ್‌ವರೆಗೆ. ಪಾಠ ಹೇಳುವ ವಿಷಯ ಇವನೇಕೆ ಮಾತಾಡುತ್ತಾನೆ ಎಂದು ನೀವು ಕೇಳಬಹುದು. ಸಂಜೆ ಕೈಯಲ್ಲಿದ್ದ ರೊಕ್ಕವೂ ಪುಸ್ತಕದ ಲೆಕ್ಕವೂ ತಾಳೆಯಾಗದೆ ನಾವು ಮನೆಗೆ ಹೋಗುವಂತಿರಲಿಲ್ಲ. ಗುರುಗಳಿಗೆ ಅಂಥ ತಾಳೆ ಇಲ್ಲ. ತಾವು ಹೇಳಿದ್ದೆಷ್ಟು, ಮಕ್ಕಳಿಗೆ ಮುಟ್ಟಿದ್ದೆಷ್ಟು ಎಂಬುದು ಪರೀಕ್ಷೆಯವರೆಗೂ ತಿಳಿಯದು. ಅದನ್ನು ಅಂದಂದೇ ತಿಳಿಯುವ ಉಪಾಯ ಈಗ ಜೇಬಿನಲ್ಲೇ ಇದೆ. ಅದು ಮೊಬೈಲಿನ ಕ್ಯಾಮೆರಾ. ತಾವು ಪಾಠ ಹೇಳುವುದನ್ನು ಅದರಲ್ಲಿ ಹಿಡಿದು ತಾವೇ ನೋಡಿಕೊಳ್ಳುವುದು.

ಉಪಾಯ ಹೊಸದಲ್ಲ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು 'ಮೈಕ್ರೋ ಟೀಚಿಂಗ್' ಎಂಬ ಪದ್ಧತಿ ಆರಂಭಿಸಿದರು. ಕೆಲವೇ ಮಕ್ಕಳಿಗೆ ಐದು ಹತ್ತು ನಿಮಿಷದ ಪಾಠ ಹೇಳುವುದು, ಅದನ್ನು ವಿಡಿಯೋ ಹಿಡಿದು ನೋಡುವುದು, ತಿದ್ದಿಕೊಂಡು ಮತ್ತೆ ಹೇಳುವುದು. ನಮ್ಮ ಬಿ.ಎಡ್. ಕಾಲೇಜುಗಳಿಗೂ ಅದು ಬಂತು. ಆದರೆ ಇಲ್ಲಿ ವಿಡಿಯೋ ಯಂತ್ರ ದುಬಾರಿ. ಹೀಗಾಗಿ ಹಿಂದೆ ಕೂತ ಸಹಪಾಠಿಗಳೇ ಕಾಗದದ ಮೇಲೆ ಗುರುತು ಹಾಕಿ ಹೇಳುವ ರೂಢಿಯಾಯಿತು.

ನೋಡಿಕೊಂಡರೆ ಏನು ತಿಳಿಯುತ್ತದೆ? ಅಮೆರಿಕದ ಶಿಕ್ಷಣ ತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ 1974ರಲ್ಲಿ ಒಂದು ಸಂಗತಿ ಬರೆದರು. ಪ್ರಶ್ನೆ ಹಾಕಿದ ಗುರುಗಳು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಜಾಣರೆನಿಸಿಕೊಂಡವರಿಗೆ ತುಸು ಹೆಚ್ಚು, ಮಂದರೆನಿಸಿಕೊಂಡವರಿಗೆ ಕಡಿಮೆ. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಟ್ಟರು.

ಈ ಮಾತು ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಗೆ ಬಹಳ ಹತ್ತಿರದ್ದು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿ ಬಂತು, ಎಷ್ಟೋ ಮನೆಗಳ ಮಾತು ಹಾಗೇ ಉಳಿಯಿತು. ಮನೆಯಲ್ಲಿ ಕನ್ನಡ ಆಡುವ ಮಗು ಮರಾಠಿ ಶಾಲೆಗೆ ಹೋಗುತ್ತದೆ. ನಾವು 'ಇಪ್ಪತ್ತೈದು' ಎನ್ನುವಾಗ ಇಪ್ಪತ್ತು ಮೊದಲು, ಐದು ಆಮೇಲೆ. ಮರಾಠಿಯ 'ಪಂಚವೀಸ'ದಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. 'ಸತ್ತೇಚಾಳೀಸ' ಎಂದು ಕೇಳಿದ ಮಗು ಅದನ್ನು ತಿರುವಿ ನಲವತ್ತೇಳು ಮಾಡಿಕೊಂಡು, ಲೆಕ್ಕ ಮಾಡಿ, ಉತ್ತರವನ್ನು ಮತ್ತೆ ಮರಾಠಿಗೆ ತಿರುಗಿಸಬೇಕು. ಬ್ಯಾಂಕಿನ ಕಿಟಕಿಯ ಮುಂದೆ ದೊಡ್ಡವರೇ ಇದಕ್ಕಾಗಿ ಒಂದು ಗಳಿಗೆ ತಡವರಿಸಿದ್ದನ್ನು ಕಂಡಿದ್ದೇನೆ. ಮಗುವಿಗೆ ಒಂದು ಸೆಕೆಂಡು ಸಾಕೆ? ಬಾಯಿ ತೆರೆಯುವಷ್ಟರಲ್ಲಿ ಪ್ರಶ್ನೆ ಪಕ್ಕದವನಿಗೆ ಹೋಗಿರುತ್ತದೆ. ಉತ್ತರ ಗೊತ್ತಿದ್ದೂ 'ದಡ್ಡ' ಎಂಬ ಹೆಸರು ಅಂಟುತ್ತದೆ.

ಆದ್ದರಿಂದ ಗುರುಗಳೆ, ಗುರುಮಾತೆಯರೆ, ಹೀಗೆ ಮಾಡಿ ನೋಡಿ. ಮೊದಲು ಮುಖ್ಯ ಗುರುಗಳಿಗೂ ಪಾಲಕರಿಗೂ ತಿಳಿಸಿ ಒಪ್ಪಿಗೆ ಪಡೆಯಿರಿ. ನೀವೂ ಮಕ್ಕಳೂ ಕಾಣುವಂತೆ ಮೊಬೈಲನ್ನು ಕಿಟಕಿಗೆ ಒರಗಿಸಿಡಿ. ಹತ್ತು ನಿಮಿಷ ಸಾಕು. ರಾತ್ರಿ ಒಮ್ಮೆ ಧ್ವನಿ ಮುಚ್ಚಿ ನೋಡಿ. ನಿಮ್ಮ ಮುಖ ಹೆಚ್ಚು ಹೊತ್ತು ಕರಿಹಲಗೆಯ ಕಡೆಗಿತ್ತೋ, ಮಕ್ಕಳ ಕಡೆಗಿತ್ತೋ? ಇನ್ನೊಮ್ಮೆ ಕಣ್ಣು ಮುಚ್ಚಿ, ರೇಡಿಯೊ ಕೇಳಿದಂತೆ ಕೇಳಿ. ನಿಮ್ಮ ದನಿ ನಿಮಗೇ ಪರರದೆನಿಸಿದರೆ ಗಾಬರಿ ಬೇಡ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಎಲುಬಿನಿಂದಲೂ ಕಿವಿಗೆ ಬರುತ್ತದೆ, ಮುದ್ರಣದಲ್ಲಿ ಅದು ಬರುವುದಿಲ್ಲ. ಪ್ರತಿ ಪ್ರಶ್ನೆಯ ನಂತರ ಒಂದು, ಎರಡು, ಮೂರು ಎಣಿಸಿ. ಮೂರನೆಯ ಸಲ ಮಕ್ಕಳ ಹೆಸರು ಬರೆದಿಟ್ಟುಕೊಂಡು, ಯಾರಿಗೆ ಪ್ರಶ್ನೆ ಹೋಯಿತೋ ಅವರ ಮುಂದೆ ಒಂದು ಗೆರೆ ಎಳೆಯಿರಿ. ಗೆರೆಯೇ ಬೀಳದ ಮಗುವಿಗೆ ನಾಳೆಯ ಮೊದಲ ಪ್ರಶ್ನೆ.

ಒಂದು ಎಚ್ಚರಿಕೆ. ಈ ಚಿತ್ರ ನಿಮ್ಮ ಕಣ್ಣಿಗೆ ಮಾತ್ರ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ನೋಡಿದ ಮೇಲೆ ಅಳಿಸಿಬಿಡಿ. ಮೇಲಧಿಕಾರಿಗಳೂ ಇದನ್ನು ತಪಾಸಣೆಗೆ ಕೇಳಬಾರದು. ಕೇಳಿದರೆ ಪಾಠ ಹೋಗಿ ನಾಟಕವಾಗುತ್ತದೆ. ಪಾಲಕರೆ, ನೀವೂ ಇದರಲ್ಲಿ ಗುರುಗಳ ತಪ್ಪು ಹುಡುಕಲು ಹೋಗಬೇಡಿ.

ಮೂರು ಸೆಕೆಂಡು ಕಾಯುವುದಕ್ಕೆ ಸರಕಾರದ ಅನುದಾನ ಬೇಕಿಲ್ಲ, ಆದೇಶವೂ ಬೇಕಿಲ್ಲ. ಎರಡು ಭಾಷೆಯ ಭಾರ ಹೊತ್ತು ಬರುವ ಮಗುವಿಗೆ ಅಷ್ಟಾದರೂ ಸಲ್ಲಬೇಕು.